ರಾಷ್ಟ್ರಗೀತೆ ಹಾಳೆಗೆ ಇಳಿದ ಕಥೆ

ನಮ್ಮ ಶಾಲೆಯಲ್ಲಿ ಓದಿದ ಎಲ್ಲರಿಗೂ ಬೆಳಗಿನ ಪ್ರಾರ್ಥನೆಯ ಸಾಲು ನೆನಪಿರುತ್ತದೆ. ಎಂಟನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಮೂರು ವರ್ಷ, ಶಾಲೆ ನಡೆದ ಪ್ರತಿದಿನವೂ ನಾವು ರಾಷ್ಟ್ರಗೀತೆ ಹಾಡಿದ್ದೇವೆ. ಆದರೆ ಅದರ ಸ್ವರ ಯಾವುದು, ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಯಾರೂ ನಮಗೆ ಬರೆದು ಕೊಟ್ಟಿರಲಿಲ್ಲ. ಹಿಂದಿನ ವರ್ಷದ ಅಕ್ಕಂದಿರು ಹಾಡಿದ್ದನ್ನು ಕೇಳಿ ನಾವು ಹಾಡಿದೆವು, ನಮ್ಮದನ್ನು ಕೇಳಿ ನಮ್ಮ ನಂತರದವರು ಹಾಡಿದರು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಪ್ರಸಂಗ ನಡೆಯಿತು. ಆ ವರ್ಷ ತಾಲ್ಲೂಕು ಮಟ್ಟದ ಸ್ವಾತಂತ್ರ್ಯ ದಿನಾಚರಣೆಗೆ ಜಿಲ್ಲಾ ಕೇಂದ್ರದಿಂದ ಬ್ಯಾಂಡ್ ಬಂದಿತ್ತು. ಮೈಕಿನ ಮುಂದೆ ನಮ್ಮ ಶಾಲೆಯ ಹೆಣ್ಣುಮಕ್ಕಳು ನಿಂತಿದ್ದರು. ನಾನು ಶಾಲೆಯ ಡ್ರಮ್ ತಂಡದಲ್ಲಿ ಸೈಡ್ ಡ್ರಮ್ ಹಿಡಿದು ನಿಂತಿದ್ದೆ. ಧ್ವಜ ಏರಿತು, ಬ್ಯಾಂಡ್ ರಾಷ್ಟ್ರಗೀತೆ ನುಡಿಸಿತು, ನಮ್ಮವರು ಹಾಡತೊಡಗಿದರು. ಬ್ಯಾಂಡ್ ಮುಗಿಸಿದಾಗ ನಮ್ಮ ಹುಡುಗಿಯರಿಗೆ ಇನ್ನೂ ಒಂದೂವರೆ ಸಾಲು ಬಾಕಿ ಇತ್ತು. ಅವರು ನಿಲ್ಲಿಸಲಿಲ್ಲ, ಧೈರ್ಯವಾಗಿ ಪೂರ್ತಿ ಹಾಡಿದರು. ಆದರೆ ಮೈದಾನದಲ್ಲಿ ಅಲ್ಲಲ್ಲಿ ನಗು ಕೇಳಿಸಿತು. ನಮ್ಮ ಪಿ.ಟಿ. ಮೇಷ್ಟ್ರ ಮುಖ ಕೆಂಪಾಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ನಮ್ಮನ್ನು ಬೈಯಲಿಲ್ಲ. ನನ್ನನ್ನು ಕರೆದುಕೊಂಡು ನೇರ ಬ್ಯಾಂಡಿನವರ ಹತ್ತಿರ ಹೋದರು. ಕ್ಲಾರಿನೆಟ್ ನುಡಿಸುತ್ತಿದ್ದವರ ವಾದ್ಯಕ್ಕೆ ಅಂಗೈ ಅಗಲದ ಒಂದು ಕಾರ್ಡು ಸಿಕ್ಕಿಸಿತ್ತು. ಅದರ ಮೇಲೆ ಐದೈದು ಗೆರೆ, ಗೆರೆಗಳ ಮೇಲೆ ಕಪ್ಪು ಚುಕ್ಕೆಗಳು. "ಏನ್ರೀ, ಇದರಲ್ಲಿ ಎಲ್ಲಾ ಬರೆದಿದೆಯಾ?" ಎಂದು ಮೇಷ್ಟ್ರು ಕೇಳಿದರು. ಅವರು, "ಎಲ್ಲಾ ಇಲ್ಲ ಸಾರ್, ನನ್ನ ಪಾಲಿಂದು ಮಾತ್ರ. ಅವರವರದು ಅವರವರ ಕಾರ್ಡಿನಲ್ಲಿದೆ" ಎಂದರು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಮುಂದೆ ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಬಿಡುವಿನಲ್ಲಿ ಆ ಕಾರ್ಡಿನ ಇತಿಹಾಸವನ್ನು ಹುಡುಕುತ್ತಾ ಹೋದೆ. ದಿನವೂ ಹಾಡುವ ಗೀತೆಗೆ ಇಂಥ ಕಥೆ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಗೆರೆಯ ಮೇಲಿನ ಸ್ವರ

ಸ್ವರವನ್ನು ಗೆರೆಗಳ ಮೇಲೆ ಬರೆಯುವ ಪದ್ಧತಿಯನ್ನು ಸ್ಪಷ್ಟ ರೂಪಕ್ಕೆ ತಂದವನು 11ನೇ ಶತಮಾನದ ಇಟಲಿಯ ಸನ್ಯಾಸಿ, ಅರೆಝೋದ ಗ್ವಿಡೋ. ಅವನೂ ಒಬ್ಬ ಮೇಷ್ಟ್ರೇ. ಚರ್ಚಿನ ಗಾಯನಕ್ಕೆ ಸೇರಿದ ಹುಡುಗರು ವರ್ಷಗಟ್ಟಲೆ ಕೇಳಿ ಕೇಳಿ ಹಾಡು ಕಲಿಯಬೇಕಾಗಿತ್ತು. ಎಂದೂ ಕೇಳದ ಹಾಡನ್ನು ಹುಡುಗರು ಹಾಳೆ ನೋಡಿಯೇ ಹಾಡುವಂತಾಗಬೇಕು ಎಂಬುದು ಅವನ ಉದ್ದೇಶವಾಗಿತ್ತು. ಅವನ ಕಾಲದಲ್ಲಿ ನಾಲ್ಕು ಗೆರೆಗಳಿದ್ದವು, ಮುಂದೆ ಐದಾದವು. 1501ರಲ್ಲಿ ವೆನಿಸ್ ನಗರದಲ್ಲಿ ಒಟ್ಟಾವಿಯಾನೋ ಪೆಟ್ರೂಚಿ ಎಂಬಾತ ಅಚ್ಚುಮೊಳೆಗಳಿಂದ ಸ್ವರಲಿಪಿಯ ಪುಸ್ತಕ ಮುದ್ರಿಸಿದ ಮೇಲೆ ಒಂದೇ ಹಾಡು ನೂರಾರು ಊರುಗಳಲ್ಲಿ ಒಂದೇ ರೀತಿ ಕೇಳಲು ದಾರಿಯಾಯಿತು.

ಒಬ್ಬರೇ ನುಡಿಸುವುದಾದರೆ ಒಂದು ಹಾಳೆ ಸಾಕು. ನಾಲ್ವರು ಕೂಡಿ ನುಡಿಸುವ ಸಣ್ಣ ಗೋಷ್ಠಿಗೆ ನಾಲ್ಕು ಬೇಕು. ದೊಡ್ಡ ಆರ್ಕೆಸ್ಟ್ರಾ ಅಥವಾ ಬ್ಯಾಂಡ್ ಆದರೆ ಪ್ರತಿ ವಾದ್ಯಕ್ಕೂ ಬೇರೆ ಬೇರೆ ಹಾಳೆ. ಎಲ್ಲರ ಪಾಲೂ ಒಂದರ ಕೆಳಗೊಂದು ಸೇರಿರುವ ಪೂರ್ಣ ಪ್ರತಿ ನಿರ್ದೇಶಕರ ಹತ್ತಿರ ಮಾತ್ರ ಇರುತ್ತದೆ, ಅದನ್ನು ಸ್ಕೋರ್ ಎನ್ನುತ್ತಾರೆ. ಉಳಿದವರಿಗೆ ತಮ್ಮ ಪಾಲು ಮಾತ್ರ. ತಾಳ ಬಡಿಯುವವರ ಹಾಳೆಯಲ್ಲಿ ಹೆಚ್ಚಿನ ಭಾಗ ಮೌನವೇ ಬರೆದಿರುತ್ತದೆ. ಅವರು ಎಣಿಸುತ್ತಾ ಕಾಯಬೇಕು.

ಈ ಹಾಳೆಗಳನ್ನು ಬರೆಯುವುದೂ ಸುಲಭವಲ್ಲ. ಬ್ಯಾಂಡುಗಳಲ್ಲಿ ಸಾಮಾನ್ಯವಾಗಿರುವ ಬಿ-ಫ್ಲ್ಯಾಟ್ ಕ್ಲಾರಿನೆಟ್ಟಿನಲ್ಲಿ ಹಾಳೆಯ ಮೇಲಿನ 'ಸಿ' ನುಡಿಸಿದರೆ ಕಿವಿಗೆ ಕೇಳುವುದು 'ಬಿ-ಫ್ಲ್ಯಾಟ್'. ಪಿಟೀಲಿನವರ ಹಾಳೆಯನ್ನೇ ಅವರಿಗೂ ಕೊಟ್ಟರೆ ಶ್ರುತಿ ಕೂಡುವುದಿಲ್ಲ. ಬರೆಯುವವರು ಪ್ರತಿ ವಾದ್ಯದ ಗುಣ ತಿಳಿದು ಸ್ವರವನ್ನು ಏರಿಸಿ ಇಳಿಸಿ ಬರೆಯಬೇಕು. ಆದ್ದರಿಂದ ಬಾಯಲ್ಲಿರುವ ಹಾಡು ಬ್ಯಾಂಡಿಗೆ ಬರಬೇಕಾದರೆ ನಡುವೆ ಬಲ್ಲವರೊಬ್ಬರ ಕೈ ಬೇಕೇ ಬೇಕು.

ನಮ್ಮ ಕಡೆಗೆ ಬಂದದ್ದು

ಬ್ರಿಟಿಷರ ಬ್ಯಾಂಡುಗಳೊಂದಿಗೆ ಈ ಸಂಗೀತ ದಕ್ಷಿಣ ಭಾರತಕ್ಕೆ ಬಂತು. ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ಒಬ್ಬರಾದ ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಇದ್ದಾಗ ಆ ಮಟ್ಟುಗಳನ್ನು ಕೇಳಿ, ಅವಕ್ಕೆ ಸಂಸ್ಕೃತದಲ್ಲಿ ದೇವರ ಸ್ತುತಿಗಳನ್ನು ಹೊಂದಿಸಿದರು. ಅವೇ 'ನೊಟ್ಟುಸ್ವರ'ಗಳು. ಇಂಗ್ಲೆಂಡಿನ ರಾಷ್ಟ್ರಗೀತೆಯ ಮಟ್ಟೂ ಅವರ ಕೈಯಲ್ಲಿ ದೇವಿಯ ಸ್ತುತಿಯಾಗಿದೆ. ಪಾಶ್ಚಾತ್ಯರ ಮೇಜರ್ ಸ್ವರಶ್ರೇಣಿಯೂ ನಮ್ಮ ಶಂಕರಾಭರಣವೂ ಹತ್ತಿರದ ನೆಂಟರು, ಹಾಗಾಗಿ ಇದು ಸಾಧ್ಯವಾಯಿತು.

ಇದಕ್ಕೆ ಎದುರು ದಿಕ್ಕಿನ ಕೆಲಸವನ್ನು ಮದರಾಸಿನ ಎ.ಎಂ. ಚಿನ್ನಸ್ವಾಮಿ ಮುದಲಿಯಾರ್ ಕೈಗೊಂಡರು. 1893ರಲ್ಲಿ ಅವರು ನಮ್ಮ ಕೃತಿಗಳನ್ನು ಐದು ಗೆರೆಗಳ ಪದ್ಧತಿಯಲ್ಲಿ ಅಚ್ಚು ಮಾಡಿಸಿದರು. ಅವರ ಒತ್ತಾಸೆಯೂ ಸೇರಿ, ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' 1904ರಲ್ಲಿ ಎಟ್ಟಯಪುರದಲ್ಲಿ ಅಚ್ಚಾಯಿತು. ಅದರಲ್ಲಿ ಗಮಕಗಳಿಗೂ ಬೇರೆ ಬೇರೆ ಗುರುತುಗಳಿವೆ. ಗೆರೆಯ ಮೇಲಿನ ಚುಕ್ಕೆ ಸ್ವರದ ಎತ್ತರ ಹೇಳುತ್ತದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಬಗೆಯನ್ನು ಸುಲಭವಾಗಿ ಹೇಳಲಾರದು ಎಂಬ ಅರಿವು ನಮ್ಮ ಹಿರಿಯರಿಗೆ ಆಗಲೇ ಇತ್ತು.

ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಕರ್ನಾಟಕ ಬ್ಯಾಂಡೂ ಇದ್ದವು. ಜಯಚಾಮರಾಜೇಂದ್ರ ಒಡೆಯರು ಪಾಶ್ಚಾತ್ಯ ಸಂಗೀತವನ್ನು ಶಾಸ್ತ್ರೋಕ್ತವಾಗಿ ಬಲ್ಲವರು. ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಅವರಿಗೇ ಅರ್ಪಿಸಿದ್ದಾರೆ.

ಮದನಪಲ್ಲಿಯ ಹಾಳೆ

'ಜನಗಣಮನ' ಮೊದಲು ಸಾರ್ವಜನಿಕವಾಗಿ ಕೇಳಿಬಂದದ್ದು 1911ರ ಡಿಸೆಂಬರ್ 27ರಂದು, ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ. 1919ರ ಆರಂಭದಲ್ಲಿ ರವೀಂದ್ರನಾಥ ಟಾಗೋರರು ದಕ್ಷಿಣ ಭಾರತದ ಪ್ರವಾಸಕ್ಕೆ ಬಂದರು. ಬೆಂಗಳೂರು, ಮೈಸೂರುಗಳನ್ನೂ ಕಂಡ ಅವರು ವಿಶ್ರಾಂತಿಗೆಂದು ಮದನಪಲ್ಲಿಯಲ್ಲಿ ಕೆಲವು ದಿನ ತಂಗಿದರು. ಮದನಪಲ್ಲಿ ನಮ್ಮ ಕೋಲಾರದ ಗಡಿಯಿಂದ ದೂರವೇನಿಲ್ಲ. ಅಲ್ಲಿನ ಥಿಯಾಸಾಫಿಕಲ್ ಕಾಲೇಜಿನ ಪ್ರಾಂಶುಪಾಲರು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್. ಅವರ ಪತ್ನಿ ಮಾರ್ಗರೆಟ್ ಕಸಿನ್ಸ್ ಸಂಗೀತದಲ್ಲಿ ಪದವಿ ಪಡೆದವರು, ಮಹಿಳೆಯರ ಹಕ್ಕಿಗಾಗಿ ದುಡಿದವರು.

ಅಲ್ಲಿ ಒಂದು ಸಂಜೆ ಟಾಗೋರರು ವಿದ್ಯಾರ್ಥಿಗಳ ಮುಂದೆ ಈ ಗೀತೆ ಹಾಡಿದರು. ಹುಡುಗರು ಪಲ್ಲವಿಗೆ ದನಿಗೂಡಿಸಿದರು. ಫೆಬ್ರವರಿ 28ರಂದು ಕವಿ ತಾವೇ ಅದನ್ನು ಇಂಗ್ಲಿಷಿಗೆ ಅನುವಾದಿಸಿಕೊಟ್ಟರು. ಮಾರ್ಗರೆಟ್ ಅದರ ಮಟ್ಟನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದುಕೊಂಡರು, ಕವಿ ಅದನ್ನು ಒಪ್ಪಿದರು. ಆ ಕಾಲೇಜು ಇದನ್ನೇ ತನ್ನ ಪ್ರಾರ್ಥನಾ ಗೀತೆ ಮಾಡಿಕೊಂಡಿತು. ಇದು ರಾಷ್ಟ್ರಗೀತೆಯಾಗುವುದಕ್ಕೆ 30 ವರ್ಷ ಮೊದಲೇ ಒಂದು ಸಣ್ಣ ಊರಿನ ಮಕ್ಕಳು ದಿನವೂ ಇದನ್ನು ಹಾಡುತ್ತಿದ್ದರು ಎಂಬುದು ನಮ್ಮಂಥ ಶಾಲೆಯವರಿಗೆ ಸಂತೋಷ ಕೊಡುವ ಸಂಗತಿ.

1942ರ ಸೆಪ್ಟೆಂಬರ್ 11ರಂದು ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ, ಸುಭಾಷ್ ಚಂದ್ರ ಬೋಸರು ಹಾಜರಿದ್ದ ಸಮಾರಂಭದಲ್ಲಿ, ಅಲ್ಲಿನ ರೇಡಿಯೋ ಆರ್ಕೆಸ್ಟ್ರಾ ಈ ಗೀತೆಯನ್ನು ಭಾರತದ ಗೀತೆಯಾಗಿ ನುಡಿಸಿತು.

ಹಾಳೆ ಕೇಳಿದ ದೇಶಗಳು

1947ರ ಆಗಸ್ಟ್ 15 ಕಳೆಯುತ್ತಲೇ ಒಂದು ತೊಡಕು ಎದುರಾಯಿತು. ಅದುವರೆಗೆ ಸರ್ಕಾರಿ ಸಮಾರಂಭಗಳಲ್ಲಿ ಬ್ರಿಟಿಷ್ ಗೀತೆ ನುಡಿಯುತ್ತಿತ್ತು. ಇನ್ನು ಸೇನೆಯ ಬ್ಯಾಂಡು ಏನು ನುಡಿಸಬೇಕು? ವಿದೇಶದ ರಾಯಭಾರ ಕಚೇರಿಗಳಲ್ಲಿ ಏನು ನುಡಿಸಬೇಕು? ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಯ ಮಹಾಧಿವೇಶನದ ಸಂದರ್ಭದಲ್ಲಿ ಭಾರತದ ಪ್ರತಿನಿಧಿಗಳನ್ನು, ಆರ್ಕೆಸ್ಟ್ರಾ ನುಡಿಸಲು ನಿಮ್ಮ ರಾಷ್ಟ್ರಗೀತೆ ಕೊಡಿ ಎಂದು ಕೇಳಿದರು. ಅವರ ಹತ್ತಿರ ಇದ್ದದ್ದು 'ಜನಗಣಮನ'ದ ಒಂದು ರೆಕಾರ್ಡು. ಅದನ್ನೇ ಕೊಟ್ಟರು. ಆರ್ಕೆಸ್ಟ್ರಾದವರು ಅವಸರದಲ್ಲಿ ಅಭ್ಯಾಸ ಮಾಡಿ ದೊಡ್ಡ ಸಭೆಯ ಮುಂದೆ ನುಡಿಸಿದರು. ಎಲ್ಲರೂ ಮೆಚ್ಚಿದರು. ಹಲವು ದೇಶಗಳ ಪ್ರತಿನಿಧಿಗಳು ಈ ಹೊಸ ಮಟ್ಟಿನ ಸ್ವರಲಿಪಿ ಬೇಕೆಂದು ಕೇಳಿದರು. 1948ರ ಆಗಸ್ಟ್ 25ರಂದು ಸಂವಿಧಾನ ಸಭೆಯಲ್ಲಿ ಪ್ರಧಾನಿ ನೆಹರೂ ಅವರೇ ಈ ವಿಷಯ ವಿವರಿಸಿದ್ದಾರೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಅವರು ಇನ್ನೊಂದು ರೆಕಾರ್ಡು ಕೇಳಲಿಲ್ಲ, ಸ್ವರಲಿಪಿ ಕೇಳಿದರು. ರೆಕಾರ್ಡು ಕೈಯಲ್ಲಿದ್ದರೆ ಹಾಡನ್ನು ಕೇಳಬಹುದು. ಹಾಳೆ ಕೈಯಲ್ಲಿದ್ದರೆ, ನಮ್ಮ ಭಾಷೆಯ ಒಂದಕ್ಷರ ಬಾರದವರೂ ನಮ್ಮ ಹಾಡನ್ನು ತಾವೇ ನುಡಿಸಬಹುದು. ನಮ್ಮ ದೇಶದ ಅತಿಥಿಗೆ ಅವರ ನೆಲದಲ್ಲಿ ಅವರ ಸೈನಿಕರು ಗೌರವ ಕೊಡಬೇಕಾದರೆ ಬೇಕಾದದ್ದು ಅದೇ.

ಇನ್ನೊಂದು ಕಡೆಯ ವಾದಕ್ಕೂ ಬಲವಿತ್ತು. 'ವಂದೇ ಮಾತರಂ' ಹಾಡುತ್ತಾ ಸೆರೆಮನೆಗೆ ಹೋದವರು ಸಾವಿರಾರು. ಅದರ ಮಟ್ಟು ಬ್ಯಾಂಡಿಗೆ ಹೊಂದುವುದಿಲ್ಲ ಎಂಬ ಆಕ್ಷೇಪ ಬಂದಾಗ, ಹೆಸರಾಂತ ಗಾಯಕ ಮಾಸ್ಟರ್ ಕೃಷ್ಣರಾವ್ ಫುಲಂಬ್ರೀಕರ್ ಅದನ್ನು ಬ್ಯಾಂಡಿಗೆ ಹೊಂದಿಸಿ ನುಡಿಸಿಯೇ ತೋರಿಸಿದರು. ಒಂದು ಹಾಡಿನ ಯೋಗ್ಯತೆಯನ್ನು ಬ್ಯಾಂಡಿನ ಹಾಳೆಯಿಂದ ಅಳೆಯಬಹುದೇ ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತದೆ. ಅಳೆಯಬಾರದು ಎಂದೇ ನನ್ನ ಅನಿಸಿಕೆ. ಆದರೆ ಹೊಸ ದೇಶಕ್ಕೆ ನಾಳೆ ಬೆಳಿಗ್ಗೆಯೇ ನುಡಿಸಲು ಒಂದು ಗೀತೆ ಬೇಕಾಗಿತ್ತು ಎಂಬುದೂ ನಿಜ.

ಕೊನೆಗೆ 1950ರ ಜನವರಿ 24ರಂದು ಡಾ. ರಾಜೇಂದ್ರ ಪ್ರಸಾದರು ಸಂವಿಧಾನ ಸಭೆಯಲ್ಲಿ ನಿರ್ಧಾರ ಪ್ರಕಟಿಸಿದರು. 'ಜನಗಣಮನ' ರಾಷ್ಟ್ರಗೀತೆ, 'ವಂದೇ ಮಾತರಂ'ಗೂ ಸಮಾನ ಗೌರವ. ಆ ಪ್ರಕಟಣೆಯಲ್ಲಿ ಪದಗಳ ಜೊತೆಗೆ ಸಂಗೀತವನ್ನೂ ಹೆಸರಿಸಲಾಗಿದೆ. ಅಂದರೆ ಸಾಹಿತ್ಯ ಮಾತ್ರವಲ್ಲ, ಅದರ ಮಟ್ಟೂ ರಾಷ್ಟ್ರಗೀತೆಯೇ. ಆರ್ಕೆಸ್ಟ್ರಾಕ್ಕೆ ಹೊಂದುವಂತೆ ಅದನ್ನು ಬರೆದುಕೊಟ್ಟವರಲ್ಲಿ ಬಿಬಿಸಿಯ ಸಂಗೀತಗಾರ ಹರ್ಬರ್ಟ್ ಮರಿಲ್ ಪ್ರಮುಖರು. ಬಂಗಾಳದ ಕವಿಯ ಹಾಡು, ಮದನಪಲ್ಲಿಯಲ್ಲಿ ಐರಿಷ್ ಮಹಿಳೆಯ ಲೇಖನಿ, ಲಂಡನ್ನಿನ ಸಂಗೀತಗಾರನ ಹೊಂದಾಣಿಕೆ: ಇಷ್ಟು ಕೈಗಳನ್ನು ದಾಟಿ ಅದು ನಮ್ಮ ತಾಲ್ಲೂಕು ಮೈದಾನದ ಕ್ಲಾರಿನೆಟ್ ಕಾರ್ಡಿಗೆ ಬಂದಿತ್ತು.

ಡ್ರಮ್ ಹುಡುಗನ ಪಾಲು

ಪೂರ್ಣ ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡು ಎಂದು ಸರ್ಕಾರದ ನಿಯಮ ಹೇಳುತ್ತದೆ. ಮೊದಲ ಮತ್ತು ಕೊನೆಯ ಸಾಲಿನ ಸಂಕ್ಷಿಪ್ತ ರೂಪಕ್ಕೆ ಸುಮಾರು 20 ಸೆಕೆಂಡು. ನಮ್ಮ ಶಾಲೆಯ ರೂಢಿಯಲ್ಲಿ ಒಂದು ನಿಮಿಷ ದಾಟುತ್ತಿತ್ತು. ಹುಡುಗಿಯರದು ಅಪಶ್ರುತಿಯಾಗಿರಲಿಲ್ಲ, ವರ್ಷದಿಂದ ವರ್ಷಕ್ಕೆ ಪ್ರತಿ ಸಾಲೂ ತುಸು ತುಸು ಉದ್ದವಾಗಿತ್ತು ಅಷ್ಟೆ. ಕಿವಿಯಿಂದ ಕಿವಿಗೆ ಹೋಗುವ ಹಾಡಿನಲ್ಲಿ ಇದು ಸಹಜ.

ಅದೇ ನಿಯಮದಲ್ಲಿ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿಯಿದೆ. ಬ್ಯಾಂಡ್ ರಾಷ್ಟ್ರಗೀತೆ ನುಡಿಸುವ ಮೊದಲು, ಸಭಿಕರಿಗೆ ಸೂಚನೆಯಾಗಿ ಡ್ರಮ್ ಉರುಳಿಕೆ ಇರಬೇಕು. ನಿಧಾನ ನಡಿಗೆಯ 7 ಹೆಜ್ಜೆಯಷ್ಟು ಕಾಲ. ಮೆಲ್ಲಗೆ ಶುರುವಾಗಿ, ಆದಷ್ಟು ಜೋರಾಗಿ ಏರಿ, ಮತ್ತೆ ಮೆಲ್ಲಗಾಗಬೇಕು, ಆದರೆ ಏಳನೆಯ ಪೆಟ್ಟಿನವರೆಗೂ ಕೇಳಿಸುತ್ತಿರಬೇಕು. ಆಮೇಲೆ ಒಂದು ಪೆಟ್ಟಿನಷ್ಟು ಮೌನ. ನಂತರ ಗೀತೆ. ಆ ದಿನ ಸೈಡ್ ಡ್ರಮ್ ಹಿಡಿದು, ರಾಷ್ಟ್ರಗೀತೆಯಲ್ಲಿ ನಮಗೇನೂ ಕೆಲಸವಿಲ್ಲವೆಂದು ಸುಮ್ಮನೆ ನಿಂತಿದ್ದ ನನಗೂ ಒಂದು ಪಾಲು ಇತ್ತು. ಅದು ಬರೆದಿಟ್ಟಿತ್ತು ಕೂಡ. ನಮ್ಮ ಕೈಗೆ ಆ ಹಾಳೆ ಬಂದಿರಲಿಲ್ಲ, ಅಷ್ಟೆ.

ಇಂದು ಸ್ವರಲಿಪಿ ಬರೆಯಲು ಲಿಲಿಪಾಂಡ್‌ನಂಥ ಉಚಿತ ಸಾಫ್ಟ್‌ವೇರ್‌ಗಳಿವೆ. ಅದರಲ್ಲಿ ರಾಷ್ಟ್ರಗೀತೆಯನ್ನು ಐದು ಗೆರೆಯ ಪದ್ಧತಿಯಲ್ಲಿಯೂ, ಕೆಳಗೆ ಸರಿಗಮದಲ್ಲಿಯೂ, 52 ಸೆಕೆಂಡಿನ ಕಾಲಪ್ರಮಾಣದೊಂದಿಗೆ ಸಿದ್ಧಮಾಡಿದ್ದೇನೆ. ಹಾಡುವವರಿಗೆ ಒಂದು ಹಾಳೆ, ಕೊಳಲಿನವರಿಗೆ ಒಂದು, ಡ್ರಮ್ ತಂಡಕ್ಕೆ ಒಂದು. ಸುವರ್ಣ ಮಹೋತ್ಸವದ ನೆನಪಿಗೆ ಇವನ್ನು ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತಿದ್ದೇನೆ. ತಪ್ಪುಗಳಿದ್ದರೆ ಸಂಗೀತ ಬಲ್ಲ ಹಿರಿಯ ವಿದ್ಯಾರ್ಥಿಗಳು ತಿದ್ದಬೇಕೆಂದು ಕೋರುತ್ತೇನೆ.

ಆದರೆ ಹಾಳೆಯಿಂದಲೇ ಎಲ್ಲವೂ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ಬ್ಯಾಂಡು ನಿಂತ ಮೇಲೂ, ಮೈದಾನ ನಕ್ಕರೂ, ಬಾಕಿ ಒಂದೂವರೆ ಸಾಲನ್ನು ಅರ್ಧಕ್ಕೆ ಬಿಡದೆ ಹಾಡಿದ ಆ ಹುಡುಗಿಯರಿಗೆ ಅದನ್ನು ಯಾರೂ ಬರೆದು ಕೊಟ್ಟಿರಲಿಲ್ಲ. ರಾಷ್ಟ್ರಗೀತೆ ಶುರುವಾದ ಮೇಲೆ ಮುಗಿಯುವತನಕ ಅಲುಗಬಾರದು ಎಂದು ಪ್ರತಿದಿನ ಬಿಸಿಲಲ್ಲಿ ನಮ್ಮೊಂದಿಗೆ ನಿಂತು ಕಲಿಸಿದವರು ನಮ್ಮ ಗುರುಗಳು. ಆ ಎಲ್ಲ ಗುರುಗಳಿಗೆ ನನ್ನ ನಮಸ್ಕಾರಗಳು. ಮುಂದಿನ ಆಗಸ್ಟ್ 15ರಂದು ನಮ್ಮ ಶಾಲೆಯ ಡ್ರಮ್ ತಂಡ ಏಳು ಹೆಜ್ಜೆ ನುಡಿಸಿ, ಒಂದು ಪೆಟ್ಟು ಸುಮ್ಮನಿದ್ದು, ಹಾಡುವವರಿಗೆ ದಾರಿ ಬಿಡಲಿ. ಅದನ್ನು ಕೇಳಲು ನಾನು ಬಂದು ಮೈದಾನದ ಅಂಚಿನಲ್ಲಿ ನಿಂತಿರುತ್ತೇನೆ.