ಗೋಖಲೆಯವರೂ ರೈತರ ದಾರಿದ್ರ್ಯವೂ

1902ನೆಯ ಇಸವಿ ಮಾರ್ಚಿ 26ರಂದು ಕಲಕತ್ತೆಯಲ್ಲಿ ವೈಸರಾಯಿಗಳ ಶಾಸನಸಭೆಯ ಮುಂದೆ ಆಯವ್ಯಯದ ಚರ್ಚೆ ನಡೆಯಿತು. ಅರ್ಥಸಚಿವ ಸರ್ ಎಡ್ವರ್ಡ್ ಲಾ ಅವರ ಲೆಕ್ಕದಂತೆ ಬೊಕ್ಕಸದಲ್ಲಿ 7 ಕೋಟಿ ರೂಪಾಯಿಗಳ ಉಳಿತಾಯವಿದ್ದಿತು. 1899-1900ರ ಘೋರಕ್ಷಾಮವು ಮುಗಿದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಉಳಿತಾಯಕ್ಕಾಗಿ ಅಭಿನಂದನೆಗಳು ಸಲ್ಲುತ್ತಿರಲು, ಮುಂಬಯಿ ಪ್ರಾಂತದ ಪ್ರತಿನಿಧಿಗಳಾದ 35 ವರ್ಷ ವಯಸ್ಸಿನ ಗೋಪಾಲಕೃಷ್ಣ ಗೋಖಲೆಯವರು ಎದ್ದು, ಆ ಅಭಿನಂದನೆಯಲ್ಲಿ ತಾವು ಮನಃಪೂರ್ವಕವಾಗಿ ಸೇರಲಾರೆವೆಂದರು. ಪ್ರಜೆಗಳು ಸಂಕಟದಲ್ಲಿರುವಾಗ ಅಗತ್ಯಕ್ಕಿಂತ ಹೆಚ್ಚು ಕರವನ್ನೆತ್ತುವುದು ಒಂದು ಅನ್ಯಾಯ. ಹಾಗೆ ಎತ್ತಿದ ಹಣವನ್ನೇ ತೋರಿಸಿ ದೇಶವು ಸುಭಿಕ್ಷವಾಗಿದೆಯೆಂಬ ಭ್ರಾಂತಿಯನ್ನು ಹುಟ್ಟಿಸುವುದು ಎರಡನೆಯ ಅನ್ಯಾಯ. ಇದು ಅವರ ವಾದದ ತಿರುಳು.

ಆ ಹಣವು ಬಂದ ದಾರಿಯನ್ನು ಅವರು ಬಿಡಿಸಿ ತೋರಿಸಿದರು. ಇಂಗ್ಲೆಂಡಿಗೆ ವರ್ಷವರ್ಷವೂ ಸಲ್ಲಬೇಕಾದ ಹಣವನ್ನು ಪೌಂಡಿನಲ್ಲಿ ಕೊಡಬೇಕಾಗಿದ್ದುದರಿಂದ, ರೂಪಾಯಿಯ ಬೆಲೆ ಇಳಿದಾಗ ಆ ನಷ್ಟವನ್ನು ಹೇಳಿ ಸರಕಾರವು ಕರಗಳನ್ನು ಏರಿಸಿತ್ತು. 1893ರಲ್ಲಿ ಟಂಕಸಾಲೆಗಳನ್ನು ಸಾರ್ವಜನಿಕರ ಬೆಳ್ಳಿಗೆ ಮುಚ್ಚಿದ ತರುವಾಯ, ಒಮ್ಮೆ 13 ಪೆನ್ನಿಗಿಳಿದಿದ್ದ ರೂಪಾಯಿಯು 16 ಪೆನ್ನಿಗೇರಿತು. ನಷ್ಟವು ತೀರಿದರೂ ಕರ ಮಾತ್ರ ಇಳಿಯಲಿಲ್ಲ. ಉಳಿದ ಕೋಟಿಗಳು ರೈತನ ಸಮೃದ್ಧಿಯ ಗುರುತಲ್ಲ, ಅವನಿಗೆ ಹಿಂದಿರುಗಿಸದ ಹಣ.

ಉಪ್ಪಿನ ಕರವನ್ನೇ ನೋಡಬಹುದು. 1888ರಿಂದ ಅದು ಮಣಕ್ಕೆ ಎರಡೂವರೆ ರೂಪಾಯಿ. ಇದು ನಮ್ಮ ಸಂತೆಯ ಮಣವಲ್ಲ, 40 ಸೇರಿನ ಸರಕಾರಿ ಮಣ. ಅಂದರೆ ಸೇರಿಗೆ ಒಂದಾಣೆ ಕರವೇ ಆಯಿತು. ಧನಿಕನಿಗೂ ಕೂಲಿಯವನಿಗೂ ಉಪ್ಪು ಬೇಕು; ಗಂಜಿ ಕುಡಿಯುವವನಿಗೆ ತುಸು ಹೆಚ್ಚೇ ಬೇಕು. ಕರವು ಏರಿದ ಮೇಲೆ ಉಪ್ಪಿನ ಬಳಕೆಯು ಜನಸಂಖ್ಯೆಗೆ ತಕ್ಕಂತೆ ಬೆಳೆಯಲಿಲ್ಲವೆಂದು ಗೋಖಲೆಯವರು ಸರಕಾರದ ಅಂಕಿಗಳಿಂದಲೇ ತೋರಿಸಿದರು. ಈ ಅಂಕಿಗಳ ಹಿಂದೆ ಗಣೇಶ ವೆಂಕಟೇಶ ಜೋಶಿ ಎಂಬ ಶಾಲಾ ಉಪಾಧ್ಯಾಯರ ಪರಿಶ್ರಮವಿದ್ದಿತೆಂಬುದನ್ನು ಮರೆಯಲಾಗದು.

ಆಗಿನ ಸಭಾಸದರಿಗೆ ಆಯವ್ಯಯದ ಮೇಲೆ ಮತ ನೀಡುವ ಅಧಿಕಾರವೇ ಇರಲಿಲ್ಲ. ಆದರೂ 1903ರಲ್ಲಿ ಉಪ್ಪಿನ ಕರವು ಎರಡು ರೂಪಾಯಿಗೂ, 1905ರಲ್ಲಿ ಒಂದೂವರೆಗೂ, 1907ರಲ್ಲಿ ಒಂದು ರೂಪಾಯಿಗೂ ಇಳಿಯಿತು. ಇದಷ್ಟೂ ಒಬ್ಬರ ಭಾಷಣದ ಫಲವೆಂದರೆ ಅತ್ಯುಕ್ತಿಯಾದೀತು. ಬೊಕ್ಕಸ ತುಂಬಿದ್ದುದೂ ಒಂದು ಕಾರಣ.

ಸರಕಾರದ ಸಹಾಯವೆಲ್ಲವೂ ಸಹಾಯವೆಂದು ಗೋಖಲೆಯವರು ಒಪ್ಪಿದವರಲ್ಲ. 1901ರಲ್ಲಿ ಮುಂಬಯಿ ಸರಕಾರವು ಭೂಕಂದಾಯ ಕಾಯಿದೆಯನ್ನು ತಿದ್ದಹೊರಟಿತು. ಕಂದಾಯದ ಬಾಕಿಗಾಗಿ ಜಪ್ತಾದ ಭೂಮಿಯನ್ನು, ಪರಭಾರೆ ಮಾಡಕೂಡದೆಂಬ ಕರಾರಿನ ಮೇಲೆ ರೈತನಿಗೆ ಕೊಡಬೇಕೆಂಬುದು ಅದರ ಉದ್ದೇಶ. ಧಾರವಾಡ ಬಿಜಾಪುರಗಳ ಒಕ್ಕಲಿಗನೂ ಆ ಪ್ರಾಂತಕ್ಕೇ ಸೇರಿದವನು. ಸಾವುಕಾರನಿಂದ ಭೂಮಿ ಉಳಿಯುವುದೇನೋ ನಿಜ. ಆದರೆ ಒಡೆಯನಾಗಿದ್ದವನು ಸರಕಾರದ ಗೇಣಿದಾರನಾಗುವನು, ಬಿತ್ತನೆಗೆ ಸಾಲವೂ ಹುಟ್ಟದು. ಫಿರೋಜಶಹಾ ಮೇಥಾ ಅವರು ಸಭಾತ್ಯಾಗ ಮಾಡಿದಾಗ ಗೋಖಲೆಯವರೂ ಹೊರನಡೆದರು. ಕಾಯಿದೆಯು ಅಂಗೀಕೃತವಾಯಿತು.

1904ರಲ್ಲಿ ಸಹಕಾರ ಪತ್ತಿನ ಸಂಘಗಳ ಮಸೂದೆಯು ಬಂದಾಗ ಅವರು ಅದನ್ನು ಸ್ವಾಗತಿಸಿದರು. ಆದರೆ ಹಳೆಯ ಸಾಲವನ್ನು ತೀರಿಸಲು ಅದರಲ್ಲಿ ಮಾರ್ಗವಿಲ್ಲವೆಂದು ಎಚ್ಚರಿಸಿದರು. ಕತ್ತಿನವರೆಗೆ ಮುಳುಗಿದವನು ಸಂಘಕ್ಕೆ ಪಾಲುಹಣವನ್ನು ತರುವುದೆಲ್ಲಿಂದ? ಆ ಕಾಯಿದೆಯ ಮೇರೆಗೆ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಿಂದ ಸಂಘವು ಸ್ಥಾಪಿತವಾದುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿಯೇ ಸರಿ. ಹಳೆಯ ಸಾಲದ ಪ್ರಶ್ನೆಯು ಮಾತ್ರ ಇದ್ದಲ್ಲಿಯೇ ಉಳಿಯಿತು.

1915ರ ಫೆಬ್ರವರಿ 19ರಂದು ಗೋಖಲೆಯವರು ಕಾಲವಾದರು. ಮರುವರ್ಷ ಉಪ್ಪಿನ ಕರವು ಮಣಕ್ಕೆ ನಾಲ್ಕಾಣೆ ಏರಿತು.