ಬಂಧುತ್ವವೊಂದೇ ಸಾಲದು: ಸಹಕಾರದ ವಿಕಾಸ ಕುರಿತ ಬೆಂಗಳೂರಿನ ಕಣಜ ಸಂಶೋಧನೆ

ತನ್ನ ಸಂತಾನವನ್ನು ಬಿಟ್ಟುಕೊಟ್ಟು ಇನ್ನೊಂದು ಜೀವಿಯ ಮರಿಗಳನ್ನು ಸಾಕುವ ಗುಣ ವಿಕಾಸದಲ್ಲಿ ಉಳಿದುಬಂದದ್ದು ಹೇಗೆ? ಬಂಜೆ ಕೆಲಸಗಾರ ಕೀಟಗಳ ಇರವು ತನ್ನ ಸಿದ್ಧಾಂತಕ್ಕೆ ದೊಡ್ಡ ತೊಡಕೆಂದು 1859ರಲ್ಲಿ ಡಾರ್ವಿನ್ನನೇ ಒಪ್ಪಿಕೊಂಡಿದ್ದ. 1964ರಲ್ಲಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಇದಕ್ಕೊಂದು ಲೆಕ್ಕ ಕೊಟ್ಟ: ನೆರವು ಪಡೆದವರಿಗಾಗುವ ಲಾಭವನ್ನು ಬಂಧುತ್ವದ ಪ್ರಮಾಣದಿಂದ ಗುಣಿಸಿದಾಗ ಬರುವ ಗುಣಲಬ್ಧ, ನೆರವು ನೀಡಿದವರ ನಷ್ಟವನ್ನು ಮೀರಿದರೆ ಪರೋಪಕಾರ ವಿಕಾಸಗೊಳ್ಳುತ್ತದೆ. ಇರುವೆ, ಜೇನು, ಕಣಜಗಳಲ್ಲಿ ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಹಾಗಾಗಿ ಒಂದೇ ತಂದೆತಾಯಿಯ ಅಕ್ಕತಂಗಿಯರ ಬಂಧುತ್ವ 0.75, ತಾಯಿಮಗಳದು 0.5. ಮಗಳಿಗಿಂತ ತಂಗಿಯೇ ಹತ್ತಿರವಾದ ಮೇಲೆ ಸಮಸ್ಯೆ ಬಗೆಹರಿದಂತೆಯೇ ಎಂದು ಹಲವರು ನಂಬಿದರು. ಈ ನಂಬಿಕೆಯನ್ನು ಒರೆಗೆ ಹಚ್ಚಿದ ಮುಖ್ಯ ಸಂಶೋಧನೆಗಳಲ್ಲೊಂದು ನಡೆದದ್ದು ಬೆಂಗಳೂರಿನಲ್ಲಿ.

ಸಂಶೋಧನೆಯ ಆರಂಭ

ರಾಘವೇಂದ್ರ ಗದಗ್ಕರ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1979ರಲ್ಲಿ ಅಣುಜೀವವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು. ಆ ವರ್ಷಗಳಲ್ಲಿ ಅವರಿಗೆ ಹವ್ಯಾಸವಾಗಿದ್ದ ಕಣಜಗಳ ವೀಕ್ಷಣೆಯೇ ಮುಂದೆ ಬದುಕಿನ ಕೆಲಸವಾಯಿತು. ಅವರು ಆರಿಸಿಕೊಂಡದ್ದು ದಕ್ಷಿಣ ಭಾರತದಲ್ಲಿ ಕಟ್ಟಡಗಳ ಮೇಲೂ ಗೂಡು ಕಟ್ಟುವ ರೋಪಲಿಡಿಯಾ ಮಾರ್ಜಿನಾಟ ಎಂಬ ಕಣಜ. ಇದರಲ್ಲಿ ರಾಣಿಗೂ ಕೆಲಸಗಾರ್ತಿಗೂ ಮೈಕಟ್ಟಿನಲ್ಲಿ ಭೇದವಿಲ್ಲ. ಕೆಲಸಗಾರ್ತಿ ಗೂಡು ಬಿಟ್ಟುಹೋಗಿ ತಾನೇ ರಾಣಿಯಾಗಬಹುದು. ಅಂಥ ಅವಕಾಶವಿದ್ದೂ ಹೆಚ್ಚಿನವು ದುಡಿಯುತ್ತ ಉಳಿಯುವುದೇಕೆ ಎಂಬುದು ಪ್ರಶ್ನೆ.

1983ರಲ್ಲಿ ಗದಗ್ಕರ್ ಮತ್ತು ಎನ್. ವಿ. ಜೋಶಿ ಪ್ರಕಟಿಸಿದ ಅಧ್ಯಯನ, ಕಣಜಗಳು ಯಾವ ಚಟುವಟಿಕೆಗೆ ಎಷ್ಟು ಹೊತ್ತು ಕೊಡುತ್ತವೆಂದು ಅಳೆದು, ಅವನ್ನು ಕೂರುವವು, ಕಾದಾಡುವವು, ಆಹಾರ ತರುವವು ಎಂದು ವಿಂಗಡಿಸಿತು. ರಾಣಿ ಸೇರಿದ್ದು ಕೂರುವವುಗಳ ಗುಂಪಿಗೆ. ಹೊಡೆದು ಬೆದರಿಸದೆಯೂ ಮೊಟ್ಟೆಯಿಡುವ ಹಕ್ಕನ್ನು ಅದೊಂದೇ ಉಳಿಸಿಕೊಳ್ಳುತ್ತದೆ. ರಾಣಿಯನ್ನು ತೆಗೆದರೆ ಕೆಲಸಗಾರ್ತಿಯೊಂದು ಕೂಡಲೇ ಉಗ್ರವಾಗಿ, ಕೆಲವು ದಿನಗಳಲ್ಲಿ ಮುಂದಿನ ರಾಣಿಯಾಗುತ್ತದೆ. ಆ ಉತ್ತರಾಧಿಕಾರಿ ಯಾರೆಂಬುದು ಕಣಜಗಳಿಗೆ ಮೊದಲೇ ಗೊತ್ತಿರುವಂತಿದೆ ಎಂದು ಅನಿಂದಿತಾ ಭದ್ರ ಅವರೊಡನೆ ಗದಗ್ಕರ್ 2008ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು.

ಲೆಕ್ಕದ ಇನ್ನೊಂದು ಬದಿ

ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡುತ್ತದೆಂಬುದಕ್ಕೆ 1986ರಲ್ಲಿ ಪುರಾವೆ ಸಿಕ್ಕಿತು. ಅಲ್ಲಿಗೆ ಅಕ್ಕತಂಗಿಯರ ಬಂಧುತ್ವ 0.75ರಿಂದ ಅರ್ಧದ ಆಸುಪಾಸಿಗೆ ಇಳಿಯಿತು. ರಾಣಿಯರು ಬದಲಾಗುತ್ತಿರುವುದರಿಂದ ಕೆಲಸಗಾರ್ತಿ ಸಾಕುವ ಮರಿಗಳು ಇನ್ನೂ ದೂರದ ನೆಂಟರಾಗಿರಬಹುದು. ಗೂಡಿನೊಳಗೆ ಹತ್ತಿರದವರು, ದೂರದವರು ಎಂಬ ಭೇದವನ್ನೂ ಇವು ಎಣಿಸಿದಂತೆ ಕಾಣಲಿಲ್ಲ. ಬೇರೆ ಗೂಡಿನ ಎಳೆಯ ಕಣಜಗಳನ್ನು ತಂದಿಟ್ಟಾಗ ಅವೂ ಇತರರಂತೆ ದುಡಿದವು. ಕೆಲವು ರಾಣಿಯೂ ಆದವು.

ಹಾಗಾದರೆ ಉತ್ತರವಿರುವುದು ಲಾಭನಷ್ಟಗಳಲ್ಲಿ. ಮೊಟ್ಟೆಯೊಂದು ಪ್ರೌಢ ಕಣಜವಾಗಲು ಸುಮಾರು ಎರಡು ತಿಂಗಳು ಬೇಕು. ಒಂಟಿ ತಾಯಿ ನಡುವೆ ಸತ್ತರೆ ಅದರ ಶ್ರಮವೆಲ್ಲ ವ್ಯರ್ಥ. ಗುಂಪಿನಲ್ಲಿ ಹಾಗಲ್ಲ: ಒಂದು ಸತ್ತರೂ ಅದು ಅರ್ಧ ಬೆಳೆಸಿದ ಮರಿಯನ್ನು ಉಳಿದವು ದಡ ಮುಟ್ಟಿಸುತ್ತವೆ. 1990ರಲ್ಲಿ ಗದಗ್ಕರ್ ಈ ಖಾತರಿಯ ಪ್ರತಿಫಲವನ್ನು ಸಿದ್ಧಾಂತವಾಗಿ ಮಂಡಿಸಿದರು. ಇದರ ಜೊತೆಗೆ, ಒಂಟಿಯಾಗಿರಿಸಿ ಯಥೇಚ್ಛ ಆಹಾರ ಕೊಟ್ಟಾಗಲೂ ಹೆಣ್ಣುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಮೊಟ್ಟೆಯಿಟ್ಟವು. ಸ್ವಂತ ಸಂತಾನದ ಸಾಧ್ಯತೆಯೇ ಕ್ಷೀಣವಾದವಕ್ಕೆ ನೆರವಾಗುವುದರಿಂದ ಆಗುವ ನಷ್ಟ ಕಡಿಮೆ. ಇವೆಲ್ಲವನ್ನೂ ಕೂಡಿಸಿದ ಅವರ ಮಾದರಿ, ಸುಮಾರು 95% ಕಣಜಗಳಿಗೆ ಕೆಲಸಗಾರ್ತಿಯ ಬದುಕೇ ಲಾಭಕರವೆಂದು ಅಂದಾಜಿಸಿತು. ಈ ಸಾಧನೆಯನ್ನು ಹಾರ್ವರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯ 2001ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿತು.

ಸಮಾರೋಪ

ಈ ಸಂಶೋಧನೆ ಹ್ಯಾಮಿಲ್ಟನ್ ಸೂತ್ರವನ್ನು ತಳ್ಳಿಹಾಕಲಿಲ್ಲ. ಬಂಧುತ್ವದ ಹೊಳಪಿನಲ್ಲಿ ಮರೆಯಾಗಿದ್ದ ಲಾಭ ಮತ್ತು ನಷ್ಟಗಳಿಗೆ ಅವುಗಳ ತೂಕವನ್ನು ಮರಳಿ ಕೊಟ್ಟಿತು. ಕಡಿಮೆ ಖರ್ಚಿನಲ್ಲಿ ಮುಂಚೂಣಿಯ ವಿಜ್ಞಾನ ಸಾಧ್ಯವೆಂದು ಗದಗ್ಕರ್ 2021ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಅವರ ಕೆಲಸವೇ ಅದಕ್ಕೆ ಸಾಕ್ಷಿ. ಓದುಗರಲ್ಲಿ ಒಂದು ಮನವಿ: ಬಾಲ್ಕನಿಯ ಮೂಲೆಯಲ್ಲಿ ಕಣಜದ ಗೂಡು ಕಂಡು, ಅದರಿಂದ ಯಾರಿಗೂ ಅಪಾಯವಿಲ್ಲವೆಂದಾದರೆ, ಕೀಟನಾಶಕ ಸಿಂಪಡಿಸಬೇಡಿ. ಮಕ್ಕಳ ಕೈಗೆ ನೋಟ್‌ಬುಕ್ ಕೊಟ್ಟು, ತುಸು ದೂರದಿಂದ ನೋಡಿ ಬರೆದಿಡಲು ಕಲಿಸಿ.