ಶೀತಲೀಕರಣ ಯಂತ್ರಗಳ ಗ್ರೂವ್ಡ್ ಟ್ಯೂಬ್‌ಗೆ ಪೇಟೆಂಟ್ ಪಡೆಯುವ ಕುರಿತು

ಉಮ್ಮತ್ತೂರು ಹಾಗೂ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಹಾಲು ಶೀತಲೀಕರಣ ಘಟಕ, ಶೈತ್ಯಾಗಾರ ಮುಂತಾದವುಗಳ ದುರಸ್ತಿ ಹಾಗೂ ಬಿಡಿಭಾಗ ತಯಾರಿಕೆಯಲ್ಲಿ ತೊಡಗಿರುವ ಸಾರ್ವಜನಿಕರ ಮಾಹಿತಿಗಾಗಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ತಾಮ್ರದ ಕೊಳವೆಯ ಒಳಮೈಯಲ್ಲಿ ಸುರುಳಿಯಾಕಾರದ ಸೂಕ್ಷ್ಮ ತೋಡುಗಳಿದ್ದಲ್ಲಿ ಶಾಖ ವಿನಿಮಯದ ಮೇಲ್ಮೈ ಹೆಚ್ಚುತ್ತದೆ ಹಾಗೂ ಶೀತಕ ದ್ರವವು ಕೊಳವೆಯ ತಳದಲ್ಲಷ್ಟೇ ಹರಿಯದೆ ಸುತ್ತಲೂ ಹರಡುತ್ತದೆ. ಇದು ಹೊಸ ವಿಷಯವಲ್ಲ. ಇಂತಹ ಕೊಳವೆಗೆ ಜಪಾನಿನ ಹಿಟಾಚಿ ಸಂಸ್ಥೆಯು 1977ರಲ್ಲಿಯೇ ಅಮೆರಿಕದ ಪೇಟೆಂಟ್ ಪಡೆದಿದೆ. ಆದ್ದರಿಂದ ‘ತೋಡುಗಳುಳ್ಳ ಕೊಳವೆ’ ಎಂದಷ್ಟೇ ಹಕ್ಕು ಕೋರಿ ಸಲ್ಲಿಸುವ ಅರ್ಜಿಯು ಪುರಸ್ಕೃತವಾಗಲಾರದು.

ಪೇಟೆಂಟ್ ಅಧಿನಿಯಮ, 1970ರ ಪ್ರಕರಣ 2ರ ಪ್ರಕಾರ ಆವಿಷ್ಕಾರವು ನವೀನವಾಗಿದ್ದು, ಆವಿಷ್ಕಾರಿಕ ಹೆಜ್ಜೆಯನ್ನು ಒಳಗೊಂಡಿದ್ದು, ಕೈಗಾರಿಕೆಯಲ್ಲಿ ಬಳಕೆಗೆ ಯೋಗ್ಯವಾಗಿರತಕ್ಕದ್ದು. ಆ ಕ್ಷೇತ್ರದ ಪರಿಣತನಿಗೆ ಸಹಜವಾಗಿ ಹೊಳೆಯುವಂತಹುದು ಆವಿಷ್ಕಾರಿಕ ಹೆಜ್ಜೆಯೆನಿಸುವುದಿಲ್ಲ. ಮಿರ್ಜಾಪುರದ ಪಾತ್ರೆ ತಯಾರಕರ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ, ಕೇವಲ ಕಾರ್ಯಾಗಾರದ ಸುಧಾರಣೆಯು ಪೇಟೆಂಟ್‌ಗೆ ಸಾಲದೆಂದು ತಿಳಿಸಿ ಸದರಿ ಪೇಟೆಂಟನ್ನು ಅಸಿಂಧುವೆಂದು ತೀರ್ಮಾನಿಸಿತು. ಸಣ್ಣ ಕಾರ್ಯಾಗಾರದವರು ಗಮನಿಸಲೇಬೇಕಾದ ತೀರ್ಪು ಇದು. ಪ್ರಕರಣ 3(ಎಫ್) ಪ್ರಕಾರ, ತಮ್ಮ ತಮ್ಮ ಕೆಲಸವನ್ನು ಪ್ರತ್ಯೇಕವಾಗಿ ಮಾಡುವ ಪರಿಚಿತ ಸಾಧನಗಳನ್ನು ಕೇವಲ ಜೋಡಿಸುವುದೂ ಆವಿಷ್ಕಾರವಲ್ಲ.

ಹಾಗಾದರೆ ಅವಕಾಶವಿರುವುದೆಲ್ಲಿ? ಕೊಳವೆಯನ್ನು ಅಲ್ಯೂಮಿನಿಯಂ ಫಿನ್‌ಗಳೊಳಗೆ ತೂರಿಸಿ ಒಳಗಿನಿಂದ ಹಿಗ್ಗಿಸುವಾಗ ತೋಡುಗಳ ನಡುವಿನ ಏಣುಗಳು ಜಜ್ಜಿ ಹೋಗುವುದು ತಯಾರಕರಿಗೆ ತಿಳಿದ ತೊಂದರೆ. ಏಣಿನ ಆಕಾರ, ಕೋನ ಅಥವಾ ತಯಾರಿಕಾ ವಿಧಾನದ ಬದಲಾವಣೆಯಿಂದ ಈ ತೊಂದರೆ ಅನಿರೀಕ್ಷಿತವಾಗಿ ನಿವಾರಣೆಯಾದಲ್ಲಿ ಅರ್ಜಿಗೆ ಬಲ ಬರುತ್ತದೆ. ಅಳತೆಗಳ ವ್ಯಾಪ್ತಿ, ನಕ್ಷೆ, ಹಾಗೂ ನಯವಾದ ಕೊಳವೆ ಮತ್ತು ಈಗಾಗಲೇ ಬಳಕೆಯಲ್ಲಿರುವ ಗ್ರೂವ್ಡ್ ಟ್ಯೂಬ್ ಇವೆರಡರೊಡನೆ ಹೋಲಿಸಿದ ಶಾಖ ವರ್ಗಾವಣೆ ಹಾಗೂ ಒತ್ತಡ ನಷ್ಟದ ಪರೀಕ್ಷಾ ಫಲಿತಾಂಶಗಳನ್ನು ವಿವರಣಾಪತ್ರದಲ್ಲಿ ಒದಗಿಸುವುದು ಸೂಕ್ತ. ನಯವಾದ ಕೊಳವೆಯೊಂದಿಗೆ ಮಾತ್ರ ಹೋಲಿಸಿದಲ್ಲಿ ಹೆಚ್ಚಿನದೇನೂ ಸಾಬೀತಾಗದು.

ಅರ್ಜಿ ಸಲ್ಲಿಸುವ ಮೊದಲೇ ಹೊಸ ಕೊಳವೆಯನ್ನು ಮಾರಾಟ ಮಾಡಿದಲ್ಲಿ ಅಥವಾ ಅದರ ವಿವರ ಪ್ರಕಟಿಸಿದಲ್ಲಿ ನವೀನತೆಯು ನಷ್ಟವಾಗುವ ಸಂಭವವಿರುತ್ತದೆ. ಉದಾಹರಣೆಗೆ, ಉಮ್ಮತ್ತೂರಿನ ತಂತ್ರಜ್ಞರೊಬ್ಬರು ತಮ್ಮ ಹೊಸ ಕೊಳವೆಯನ್ನು ಗ್ರಾಹಕರ ಹಾಲಿನ ಘಟಕಕ್ಕೆ ಅಳವಡಿಸಿ ಬಿಲ್ಲು ನೀಡಿದಲ್ಲಿ, ಆ ಬಿಲ್ಲೇ ಮುಂದೆ ಅವರ ವಿರುದ್ಧ ಸಾಕ್ಷ್ಯವಾಗಬಹುದು. ಅಧಿನಿಯಮದಲ್ಲಿ ವಿನಾಯಿತಿಗಳಿವೆಯಾದರೂ ಅವು ಸೀಮಿತವಾದವು. ಪ್ರಯೋಗ ಪೂರ್ಣಗೊಂಡಿರದಿದ್ದಲ್ಲಿ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿ, 12 ತಿಂಗಳೊಳಗೆ ಸಂಪೂರ್ಣ ವಿವರಣೆ ಒದಗಿಸಬಹುದು. ತಪ್ಪಿದಲ್ಲಿ ಅರ್ಜಿಯನ್ನು ಕೈಬಿಟ್ಟಂತೆ ಪರಿಗಣಿಸಲಾಗುವುದು.

ಕರ್ನಾಟಕದ ಅರ್ಜಿದಾರರಿಗೆ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಯು ಅನ್ವಯಿಸುತ್ತದೆ. ಆನ್‌ಲೈನ್ ಮೂಲಕ ನಮೂನೆ 1 ಮತ್ತು 2ರಲ್ಲಿ ಅರ್ಜಿ ಸಲ್ಲಿಸಲು ವ್ಯಕ್ತಿಗಳು ಹಾಗೂ ಸಣ್ಣ ಘಟಕಗಳಿಗೆ ಮೂಲ ಶುಲ್ಕ ರೂ. 1,600, ಪರೀಕ್ಷೆ ಕೋರುವ ನಮೂನೆ 18ಕ್ಕೆ ರೂ. 4,000. ದಿನಾಂಕ 15-3-2024ರಿಂದ ಸಲ್ಲಿಸಿದ ಅರ್ಜಿಗಳಲ್ಲಿ ಈ ಕೋರಿಕೆಯನ್ನು 31 ತಿಂಗಳೊಳಗೆ ಸಲ್ಲಿಸತಕ್ಕದ್ದು. ಪೇಟೆಂಟಿನ ಅವಧಿಯು ಅರ್ಜಿ ಸಲ್ಲಿಸಿದ ದಿನಾಂಕದಿಂದ 20 ವರ್ಷಗಳು. ನವೀಕರಣ ಶುಲ್ಕ ಪ್ರತ್ಯೇಕ. ಪೂರ್ವ ಪೇಟೆಂಟ್‌ಗಳ ಹುಡುಕಾಟ ಕುರಿತ ಮಾರ್ಗದರ್ಶನಕ್ಕೆ ಬೆಂಗಳೂರಿನ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.